ಮಂಡಿ ನೋವೇ? ಬಸ್ಕಿ ಬಿಡಬೇಡಿ, ಆಳ ಕಡಿಮೆ ಮಾಡಿ

ಕೂಡ್ಲಿಗಿಯ ಶೇಂಗಾ ಹೊಲದಲ್ಲಿ ಕಳೆ ತೆಗೆಯುವವರು ತಾಸುಗಟ್ಟಲೆ ಕುಕ್ಕರಗಾಲಲ್ಲೇ ಸಾಲು ಹಿಡಿದು ಸಾಗುತ್ತಾರೆ. ಕೊಟ್ಟೂರಿನ ಎಪಿಎಂಸಿಯಲ್ಲಿ ಹಮಾಲರು ಮೆಕ್ಕೆಜೋಳದ ಚೀಲಕ್ಕೆ ಬೆನ್ನು ಕೊಡುತ್ತಾರೆ. ಹಡಗಲಿಯ ಮಲ್ಲಿಗೆ ತೋಟವಿರಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಯ ಕಣಗಳಿರಲಿ, ಬಗ್ಗದೆ, ಕೂರದೆ, ಎತ್ತದೆ ದಿನ ಸಾಗದು. ಇಂಥ ಕಡೆ ‘ಮಂಡಿ ನೋವಿದ್ದರೆ ಕುಕ್ಕರಗಾಲಲ್ಲಿ ಕೂರಲೇಬೇಡಿ’ ಎಂದರೆ ಕೂಲಿಯನ್ನೇ ಬಿಡಿ ಎಂದಂತೆ. ಆ ಸಲಹೆ ಪೂರ್ತಿ ಸರಿಯೂ ಅಲ್ಲ. ತೊಡೆಯ ಸ್ನಾಯು ಸೊರಗಿದಷ್ಟೂ ಮಂಡಿ ಇನ್ನಷ್ಟು ಬಳಲುತ್ತದೆ. ಸವೆದ ಮಂಡಿಗೂ ವೈದ್ಯರು ಮೊದಲು ಹೇಳುವುದು ಸ್ನಾಯು ಬಲಪಡಿಸುವ ವ್ಯಾಯಾಮವನ್ನೇ.

ಮಂಡಿ ಊದಿಕೊಂಡಿದ್ದರೆ, ನಡುವೆ ಸಿಕ್ಕಿಕೊಂಡಂತಾದರೆ, ಕಾಲು ಇದ್ದಕ್ಕಿದ್ದಂತೆ ಕುಸಿದರೆ ಅಥವಾ ಬಿದ್ದು ಪೆಟ್ಟಾಗಿದ್ದರೆ ಮಾತ್ರ ವ್ಯಾಯಾಮಕ್ಕೆ ಮೊದಲು ವೈದ್ಯರನ್ನು ಕಾಣಬೇಕು.

ಉಳಿದವರು ಮನೆಯ ಕಟ್ಟೆಯಿಂದಲೇ ಶುರು ಮಾಡಬಹುದು. ಗರಡಿಮನೆಯ ಬಸ್ಕಿ ನೆಲ ಮುಟ್ಟುವಷ್ಟು ಆಳದ್ದು. ನೋವಿರುವವರಿಗೆ ಅದು ಕೊನೆಯ ಮೆಟ್ಟಿಲು. ಮಂಡಿ ಹೆಚ್ಚು ಮಡಿಸಿದಷ್ಟೂ ಮಂಡಿಚಿಪ್ಪಿನ ಹಿಂದಿನ ಒತ್ತಡ ಏರುತ್ತದೆ. ಹಾಗಾಗಿ ಎತ್ತರದ ಕಟ್ಟೆ ಅಥವಾ ಕುರ್ಚಿಯ ಮುಂದೆ ಭುಜದಷ್ಟು ಅಗಲಕ್ಕೆ ಕಾಲಿಟ್ಟು ನಿಲ್ಲಬೇಕು. ಸೊಂಟವನ್ನು ಹಿಂದಕ್ಕೆ ಸರಿಸುತ್ತ ನಿಧಾನವಾಗಿ ಇಳಿದು, ಕಟ್ಟೆ ತಾಕಿದೊಡನೆ ಪಾದಗಳಿಂದ ನೆಲವನ್ನು ಒತ್ತಿ ಏಳಬೇಕು. ಮಂಡಿಗಳು ಒಳಕ್ಕೆ ಬಾಗದೆ ಕಾಲ್ಬೆರಳುಗಳ ದಿಕ್ಕಿನಲ್ಲೇ ಇರಲಿ. ಮಂಡಿ ಬೆರಳನ್ನು ದಾಟಲೇಬಾರದೆಂಬ ಹಳೆಯ ಕಟ್ಟುಪಾಡಿಗೆ ಹೆದರಬೇಕಿಲ್ಲ. ಬಲವಂತವಾಗಿ ತಡೆದರೆ ಭಾರ ಸೊಂಟ, ಬೆನ್ನಿಗೆ ಹೋಗುತ್ತದೆ.

ಎಂಟು ಹತ್ತು ಬಾರಿಯಂತೆ ಎರಡು ಸುತ್ತು, ದಿನ ಬಿಟ್ಟು ದಿನ. ಮಾಡುವಾಗ ಸಣ್ಣ ನೋವಿದ್ದರೆ ತೊಂದರೆಯಿಲ್ಲ. ಮರುದಿನ ಬೆಳಿಗ್ಗೆ ನೋವು ಹೆಚ್ಚಿದ್ದರೆ ಆಳ ಕಡಿಮೆ ಮಾಡಬೇಕು. ಎರಡು ಮೂರು ವಾರ ಸಲೀಸಾಗಿ ನಡೆದರೆ ತಗ್ಗಿನ ಪೀಠಕ್ಕೆ ಇಳಿಯಬಹುದು. ಹೊಲದಲ್ಲಿ ಮಾತ್ರ ಪಟ್ಟು ಹಿಡಿದು ಕೂರುವುದು ಬೇಡ: ನಡುನಡುವೆ ಎದ್ದು ನಾಲ್ಕು ಹೆಜ್ಜೆ ಹಾಕಿ, ಮಡಚಿದ ಗೋಣಿಚೀಲದ ಮೇಲೆ ಒಂದು ಮಂಡಿಯೂರಿ, ಆಗಾಗ ಕಾಲು ಬದಲಿಸಿದರೆ ಎಷ್ಟೋ ಹಗುರ.

ಇನ್ನು ಎತ್ತುವ ಮಾತು. ಕುಂದಾಪುರದ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕೆ.ಜಿ. ವಿಭಾಗದಲ್ಲಿ ಎರಡು ಬಗೆಯ ಎತ್ತುವಿಕೆ ಸೇರಿ ಒಟ್ಟು 249 ಕೆ.ಜಿ. ದಾಖಲಿಸಿ ಬೆಳ್ಳಿ ಗೆದ್ದರು. ವೇಟ್‌ಲಿಫ್ಟರ್‌ಗಳ ಕಸುಬಿನಲ್ಲಿ ಹಮಾಲರಿಗೂ ಒದಗುವ ಗುಟ್ಟೆಂದರೆ ಭಾರ ಮೈಗೆ ಹತ್ತಿರವೇ ಇರಬೇಕು. ಚೀಲವನ್ನು ಮೊದಲು ಕಾಲ ಬಳಿಗೆ ಎಳೆದುಕೊಂಡು, ಮಂಡಿ ಮತ್ತು ಸೊಂಟ ಎರಡನ್ನೂ ಮಡಿಸಿ, ಬೆನ್ನು ಗೂನಾಗದಂತೆ ಹಿಡಿಯಬೇಕು. ಉಸಿರೆಳೆದು ಹೊಟ್ಟೆ ಬಿಗಿಮಾಡಿ ಕಾಲಿನ ಬಲದಿಂದ ಏಳಬೇಕು. ಹೊತ್ತಾದ ಮೇಲೆ ನಡು ತಿರುಚುವುದಲ್ಲ, ಪಾದ ಸರಿಸಿ ತಿರುಗುವುದು. ಮಂಡಿ ನೋಯುವವರು ಚೀಲವನ್ನು ನೆಲದ ಬದಲು ಕಟ್ಟೆಯ ಮೇಲಿಡಿಸಿಕೊಂಡರೆ ಆಳಕ್ಕೆ ಬಗ್ಗುವ ಕಷ್ಟವೇ ತಪ್ಪುತ್ತದೆ.

ಎಷ್ಟೇ ಚೆನ್ನಾಗಿ ಎತ್ತಿದರೂ ತೂಕಕ್ಕೊಂದು ಮಿತಿ ಬೇಕು. ಒಬ್ಬ ವಯಸ್ಕ ಗಂಡಾಳು ಹೊರುವ ಭಾರ 55 ಕೆ.ಜಿ.ಗಿಂತ ಹೆಚ್ಚಿದ್ದರೆ ಬೇಗ ಆ ಮಟ್ಟಕ್ಕೆ ತನ್ನಿ, ಹೆಣ್ಣಾಳಿಗೆ ಅದಕ್ಕಿಂತ ಬಹಳ ಕಡಿಮೆ ಇರಲಿ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿದೆ. ಈ ಸುಗ್ಗಿಯಲ್ಲಿ ಚೀಲ ತುಂಬಿಸುವ ರೈತರು, ವರ್ತಕರು ಬಾಯಿ ಹೊಲಿಯುವ ಮುನ್ನ ಒಮ್ಮೆ ತೂಕ ನೋಡಲಿ. ಭಾರವಿದ್ದರೆ ಇಬ್ಬರಿಂದ ಎತ್ತಿಸಲಿ.