ಅಳಿಸಿದ ಮೇಲೆ ಉಳಿಯುವುದೇನು? ಡಿಲೀಟ್, ಟ್ರಂಕೇಟ್, ಡ್ರಾಪ್ ಆದೇಶಗಳ ಬೋಧನೆ

ತರಗತಿ: ದ್ವಿತೀಯ ಪಿಯುಸಿ
ವಿಷಯ: ಗಣಕ ವಿಜ್ಞಾನ
ಪೂರ್ವಜ್ಞಾನ: ಕೋಷ್ಟಕ ರಚನೆ, ಇನ್ಸರ್ಟ್, ಸೆಲೆಕ್ಟ್

ಎಸ್‌ಕ್ಯುಎಲ್‌ನ ಈ ಮೂರೂ ಆದೇಶಗಳಿಗೆ ಕನ್ನಡದಲ್ಲಿ 'ಅಳಿಸುವುದು' ಎಂದೇ ಹೇಳಿಬಿಡುತ್ತೇವೆ. ವಿದ್ಯಾರ್ಥಿಗಳ ಗೊಂದಲಕ್ಕೆ ಇದೇ ಮೂಲ. ಏನು ಅಳಿಯಿತು ಎನ್ನುವ ಬದಲು ಏನು ಉಳಿಯಿತು, ಹೋದದ್ದು ಮರಳಿ ಬರುತ್ತದೆಯೇ ಎಂದು ಕೇಳಿದರೆ ವ್ಯತ್ಯಾಸ ತಾನಾಗಿಯೇ ತಿಳಿಯುತ್ತದೆ.

ಚಟುವಟಿಕೆ 1: ಕಪ್ಪುಹಲಗೆಯ ಮೇಲೆ ಕ್ರಮಸಂಖ್ಯೆ, ಹೆಸರು, ವಿಭಾಗ ಎಂಬ ಶೀರ್ಷಿಕೆಗಳಿರುವ, ಐದು ಸಾಲುಗಳ 'ವಿದ್ಯಾರ್ಥಿ' ಕೋಷ್ಟಕ ಬರೆಯಿರಿ. ಒಬ್ಬರು 3ನೇ ಸಾಲನ್ನು ಮಾತ್ರ ಒರೆಸಲಿ. ಇದು 'ವೇರ್' ಷರತ್ತಿನ ಡಿಲೀಟ್. ಇನ್ನೊಬ್ಬರು ಶೀರ್ಷಿಕೆ ಬಿಟ್ಟು ಉಳಿದೆಲ್ಲ ಸಾಲುಗಳನ್ನು ಒರೆಸಲಿ, ಇದು ಟ್ರಂಕೇಟ್. ಮತ್ತೊಬ್ಬರು ಶೀರ್ಷಿಕೆ, ಗೆರೆಗಳನ್ನೂ ಒರೆಸಲಿ; ಇದು ಡ್ರಾಪ್.

"ಷರತ್ತಿಲ್ಲದ ಡಿಲೀಟ್ ಕೂಡ ಎಲ್ಲ ಸಾಲುಗಳನ್ನೂ ತೆಗೆಯುತ್ತದಲ್ಲವೇ?" ಎಂಬ ಪ್ರಶ್ನೆ ಬರಬೇಕು, ಬಾರದಿದ್ದರೆ ನಾವೇ ಕೇಳಬೇಕು. ಹಲಗೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಉತ್ತರ ಪ್ರಯೋಗಾಲಯದಲ್ಲಿದೆ.

ಚಟುವಟಿಕೆ 2: ಮೈಎಸ್‌ಕ್ಯುಎಲ್‌ನಲ್ಲಿ ಕ್ರಮಸಂಖ್ಯೆಗೆ ಆಟೋ ಇನ್‌ಕ್ರಿಮೆಂಟ್ ಕೊಟ್ಟು ಇದೇ ಕೋಷ್ಟಕ ರಚಿಸಿ. 'ಸ್ಟಾರ್ಟ್ ಟ್ರಾನ್ಸಾಕ್ಷನ್' ಕೊಟ್ಟು, ಎಲ್ಲ ಸಾಲುಗಳನ್ನು ಡಿಲೀಟ್ ಮಾಡಿ, 'ರೋಲ್‌ಬ್ಯಾಕ್' ಕೊಟ್ಟರೆ ಐದೂ ಮರಳುತ್ತವೆ. ಪುನಃ ಡಿಲೀಟ್ ಮಾಡಿ ಹೊಸ ಸಾಲು ಸೇರಿಸಿದರೆ ಅದರ ಸಂಖ್ಯೆ 6. ಟ್ರಂಕೇಟ್ ಮಾಡಿದರೆ ರೋಲ್‌ಬ್ಯಾಕ್‌ನಿಂದ ಏನೂ ಮರಳದು. ಹೊಸ ಸಾಲಿನ ಸಂಖ್ಯೆ 1. ಪ್ರತಿ ಹಂತಕ್ಕೂ ಮೊದಲು ಫಲಿತಾಂಶವನ್ನು ಊಹಿಸಿ ಬರೆಯಲು ಹೇಳಿ.

ಬೋಧಕರ ಗಮನಕ್ಕೆ: "ಟ್ರಂಕೇಟ್ ಎಂದಿಗೂ ಹಿಂಪಡೆಯಲಾಗದು" ಎಂದು ಟಿಪ್ಪಣಿ ಬರೆಸಬಾರದು. ಮೈಎಸ್‌ಕ್ಯುಎಲ್, ಒರಾಕಲ್‌ಗಳಲ್ಲಿ ಅದು ನಿಜ; ಪೋಸ್ಟ್‌ಗ್ರೆಸ್‌ಕ್ಯುಎಲ್‌ನಲ್ಲಿ ಕಮಿಟ್ ಆಗುವವರೆಗೂ ಹಿಂಪಡೆಯಬಹುದು.

ಚಟುವಟಿಕೆ 3: ವಿದೇಶಿ ಕೀಲಿಯ ಮೂಲಕ 'ವಿದ್ಯಾರ್ಥಿ'ಯನ್ನು ಅವಲಂಬಿಸುವ 'ಅಂಕ' ಕೋಷ್ಟಕ ರಚಿಸಿ, 'ವಿದ್ಯಾರ್ಥಿ'ಯನ್ನು ಡ್ರಾಪ್ ಮಾಡಲು ಹೇಳಿ. ದೋಷ ಸಂದೇಶ ಬರುತ್ತದೆ. ಒಡೆಯರಿಲ್ಲದ ಅಂಕಗಳು ಉಳಿಯದಂತೆ ದತ್ತಸಂಚಯವೇ ತಡೆಯುತ್ತದೆ. ಮೊದಲು 'ಅಂಕ'ವನ್ನು ತೆಗೆಯಬೇಕು.

ರೂಢಿಸಬೇಕಾದ ಅಭ್ಯಾಸ: ಡಿಲೀಟ್‌ಗೆ ಮುನ್ನ ಅದೇ ಷರತ್ತಿನೊಂದಿಗೆ ಸೆಲೆಕ್ಟ್ ನಡೆಸಿ, ಹೋಗಲಿರುವ ಸಾಲುಗಳನ್ನು ಕಣ್ಣಾರೆ ನೋಡುವುದು.

ಮೌಲ್ಯಮಾಪನ: ಯಾವ ಆದೇಶ, ಏಕೆ?
1. ಒಬ್ಬ ವಿದ್ಯಾರ್ಥಿ ಟಿ.ಸಿ. ಪಡೆದಿದ್ದಾನೆ.
2. ಅಭ್ಯಾಸಕ್ಕೆ ತುಂಬಿದ ದತ್ತಾಂಶ ಬೇಡ, ಕೋಷ್ಟಕ ಬೇಕು.
3. ಕೋಷ್ಟಕವೇ ಇನ್ನು ಬೇಡ.

'ಏಕೆ' ಎಂಬುದಕ್ಕೆ ಉತ್ತರ ಬರೆಯದಿದ್ದರೆ ಪೂರ್ಣ ಅಂಕ ಕೊಡಬಾರದು. ಆದೇಶದ ಹೆಸರು ಬಾಯಿಪಾಠದಿಂದಲೂ ಬರುತ್ತದೆ. ಅದರ ಪರಿಣಾಮ ಅರಿತವರ ಕೈಗೆ ಮಾತ್ರ ನಾಳೆ ಶಾಲೆಯದೋ ಆಸ್ಪತ್ರೆಯದೋ ದಾಖಲೆಗಳನ್ನು ಒಪ್ಪಿಸಬಹುದು.