ಹಳೆಯ ರೇಸ್ ಸ್ಕೀ ಕೊಳ್ಳಲೇ?

ಮ್ಯೂನಿಕ್‌ನ ನಿಮ್ಮ ಸಹೋದ್ಯೋಗಿ ಅಗ್ಗಕ್ಕೆ ಕೊಡುತ್ತಿರುವುದು 2013ರ ಪುರುಷರ ಜೈಂಟ್ ಸ್ಲಾಲಂ ಸ್ಕೀ ಆಗಿದ್ದರೆ ದಯವಿಟ್ಟು ಬೇಡ ಅನ್ನಿ. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ (ಎಫ್‌ಐಎಸ್) ಆಗಿನ ನಿಯಮದಂತೆ ಅದರ ಉದ್ದ ಕನಿಷ್ಠ 195 ಸೆಂ.ಮೀ., ತಿರುವಿನ ತ್ರಿಜ್ಯ 35 ಮೀಟರ್. ಭಾರೀ ವೇಗವಿಲ್ಲದೆ ಅದು ಬಾಗುವುದೇ ಇಲ್ಲ. ರಜಾದಿನದ ಜನಜಂಗುಳಿಯಲ್ಲಿ ಆ ವೇಗ ಅಪಾಯ. 165 ಸೆಂ.ಮೀ. ಸ್ಲಾಲಂ ಸ್ಕೀಯಾದರೆ ಮಾತು ಬೇರೆ. ಬೆಳಗಿನ ಗಟ್ಟಿ ಹಿಮದಲ್ಲಿ ಅದರ ಹಿಡಿತ ನಿಜಕ್ಕೂ ಸುಖ. ಅಂಚಿನ ಉಕ್ಕು ಮಾತ್ರ ಸವೆದು ತೆಳ್ಳಗಾಗಿರಬಾರದು.

ನನಗೆ ಹೆಚ್ಚಿನ ಚಿಂತೆ ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್‌ನದು. ರೇಸ್ ಬೈಂಡಿಂಗ್‌ನ ಡಿನ್ ಅಂಕ, ಅಂದರೆ ಬೂಟನ್ನು ಬಿಡುವ ಬಿಗಿಯ ಅಳತೆ, ಕೆಲವೊಮ್ಮೆ 8ರಿಂದಲೇ ಶುರು. ನಿಮಗೆ ಬೇಕಿರುವುದು 5 ಆದರೆ, ಬಿದ್ದಾಗ ಬೂಟು ಕಳಚಿಕೊಳ್ಳದೆ ಮಂಡಿಯೇ ತಿರುಚಿಕೊಂಡೀತು. ಹೊಸ ಗ್ರಿಪ್‌ವಾಕ್ ತಳದ ಬೂಟು ಹಳೆಯ ಬೈಂಡಿಂಗ್‌ಗೆ ಹೊಂದುವುದೂ ಇಲ್ಲ. ದುಡ್ಡು ಕೊಡುವ ಮುಂಚೆ ಸ್ಕೀ, ಬೂಟು ಎರಡನ್ನೂ ಅಂಗಡಿಗೆ ಒಯ್ದು ಪರೀಕ್ಷೆ ಮಾಡಿಸಿ.