ನಿಲುವು, ಮತ ಮತ್ತು ನೆಲ: ಶಾಸಕ ದಿ. ಬಾ. ಪಾಟೀಲರ ನಿದರ್ಶನ

1. ಪೀಠಿಕೆ

ಕನ್ನಡದಲ್ಲಿ ‘ಮತ’ ಎಂಬ ಶಬ್ದಕ್ಕೆ ಅಭಿಪ್ರಾಯ, ಧರ್ಮಪಂಥ, ಚುನಾವಣೆಯ ಓಟು ಎಂಬ ಮೂರು ಅರ್ಥಗಳು ಬಳಕೆಯಲ್ಲಿವೆ. ‘ಶಾಸನ’ ಎಂಬ ಶಬ್ದವೂ ಇದೇ ಬಗೆಯದು. ಶಿಲೆಯ ಮೇಲೆ ಕೆತ್ತಿದ ಬರಹವೂ ಶಾಸನ. ಸಭೆಯಲ್ಲಿ ಅಂಗೀಕಾರ ಪಡೆದ ಕಾಯಿದೆಯೂ ಶಾಸನ. ಪ್ರಾಚೀನ ದಾನಶಾಸನಗಳಲ್ಲಿ ಭೂಮಿಯ ಎಲ್ಲೆ, ಅಳತೆ, ಕೊಟ್ಟವರು, ಪಡೆದವರು, ಸಾಕ್ಷಿಗಳು ಇವೆಲ್ಲದರ ವಿವರ ಬಂದು, ಕೊನೆಗೆ ಆ ಭೂಮಿಯನ್ನು ಅಪಹರಿಸಿದವರಿಗೆ ಶಾಪಾಶಯವಿರುತ್ತದೆ. ಆಧುನಿಕ ಶಾಸನದಲ್ಲಿ ಶಾಪಾಶಯಕ್ಕೆ ಎಡೆಯಿಲ್ಲ. ಭೂಮಿಯನ್ನು ಕಳೆದುಕೊಳ್ಳುವವನ ಪರವಾಗಿ ಮಾತನಾಡಬೇಕಾದ ಹೊಣೆ ಅವನು ಆರಿಸಿ ಕಳುಹಿಸಿದ ಶಾಸಕನದು. ಆ ಹೊಣೆಯನ್ನು ಶಾಸಕನು ಹೇಗೆ ನಿರ್ವಹಿಸಿದನೆಂಬುದನ್ನು ಯಾವ ಆಧಾರಗಳಿಂದ ನಿರ್ಣಯಿಸಬೇಕು ಎಂಬುದೇ ಪ್ರಸ್ತುತ ಲೇಖನದ ಪ್ರಶ್ನೆ. ಇದಕ್ಕೆ ನಿದರ್ಶನವಾಗಿ ಪನವೇಲ ಕ್ಷೇತ್ರವನ್ನು ಐದು ಬಾರಿ ಪ್ರತಿನಿಧಿಸಿದ ದಿನಕರ ಬಾಳು ಪಾಟೀಲರ (1926–2013) ಸಾರ್ವಜನಿಕ ಜೀವನವನ್ನು ಆರಿಸಿಕೊಳ್ಳಲಾಗಿದೆ. ಮರಾಠಿ ಜನತೆಗೆ ಅವರು ‘ದಿ. ಬಾ.’ ಎಂದೇ ಪರಿಚಿತರು.

ಈ ಆಯ್ಕೆಗೆ ಕಾರಣವಿದೆ. ಮುಂಬಯಿಯ ಹಳೆಯ ಬಡಾವಣೆಗಳಿಂದ ಸರಿದು ಖಾರಘರ, ಕಾಮೋಠೆ, ಕಲಂಬೋಲಿ ಮೊದಲಾದೆಡೆ ನೆಲೆಸಿದ ಕನ್ನಡಿಗರು ಅನೇಕರು. ಅವರ ಮನೆಗಳು ನಿಂತಿರುವ ನೆಲ ಒಂದು ಕಾಲಕ್ಕೆ ಆಗ್ರಿ, ಕೋಳಿ ಮೊದಲಾದ ಸಮುದಾಯಗಳ ಭತ್ತದ ಗದ್ದೆಯಾಗಿತ್ತು, ಉಪ್ಪಿನ ಆಗರವಾಗಿತ್ತು. ಖಾರಘರದ ಸೆಕ್ಟರುಗಳ ನಡುವೆ ಇಂದಿಗೂ ಓವೆ, ಮುರ್ಬಿ, ಪೇಠಪಾಡಾ, ಬೇಲಪಾಡಾ, ಕೋಪರಾ ಎಂಬ ಊರ ಹೆಸರುಗಳು ಉಳಿದುಕೊಂಡಿವೆ. ನಗರಕ್ಕಾಗಿ ನೆಲ ಬಿಟ್ಟುಕೊಟ್ಟವರು ಮತ್ತು ಆ ನೆಲದಲ್ಲಿ ಮನೆ ಕೊಂಡವರು ಇಬ್ಬರೂ ಇಂದು ಒಂದೇ ಕ್ಷೇತ್ರದ ಮತದಾರರು.

2. ಮತದಾನದ ದಾಖಲೆ: ಒಂದು ಇತಿಮಿತಿ

ಶಾಸಕನ ಕಾರ್ಯವನ್ನು ಅಳೆಯಲು ಸಾಮಾನ್ಯವಾಗಿ ಸೂಚಿಸುವ ಮಾನದಂಡಗಳು ಮೂರು: ಸಾರ್ವಜನಿಕವಾಗಿ ಪ್ರಕಟಿಸಿದ ನಿಲುವು, ಸದನದಲ್ಲಿ ನೀಡಿದ ಮತ, ಕ್ಷೇತ್ರದಲ್ಲಿ ಮಾಡಿದ ಕೆಲಸ. ಇವುಗಳಲ್ಲಿ ಎರಡನೆಯದು ನಿಖರವಾದುದೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಭಾರತದ ಶಾಸನಸಭೆಗಳಲ್ಲಿ ಬಹುಪಾಲು ನಿರ್ಣಯಗಳು ಧ್ವನಿಮತದಿಂದ ಆಗುತ್ತವೆ. ಸಭಾಧ್ಯಕ್ಷರು ಪ್ರಶ್ನೆಯನ್ನು ಸದನದ ಮುಂದಿಡುತ್ತಾರೆ. ಪರವಾಗಿರುವವರು ‘ಹೌದು’ ಎಂದೂ ವಿರೋಧಿಸುವವರು ‘ಇಲ್ಲ’ ಎಂದೂ ಹೇಳುತ್ತಾರೆ. ಯಾವ ಧ್ವನಿ ಹೆಚ್ಚೆಂದು ಕೇಳಿತೋ ಅದರಂತೆ ತೀರ್ಮಾನ ಘೋಷಣೆಯಾಗುತ್ತದೆ. ಯಾರಾದರೂ ಮತವಿಭಜನೆಗೆ ಒತ್ತಾಯಿಸಿದಾಗ ಮಾತ್ರ ಸದಸ್ಯರ ಹೆಸರು ಹೆಸರಾಗಿ ಎಣಿಕೆ ನಡೆಯುತ್ತದೆ. ಆದ್ದರಿಂದ ಒಬ್ಬ ಸದಸ್ಯನ ಮತಗಳ ಪೂರ್ಣ ಪಟ್ಟಿ ಎಂಬುದು ನಮ್ಮಲ್ಲಿ ರೂಪುಗೊಳ್ಳುವುದೇ ಅಪರೂಪ.

ಇದರೊಂದಿಗೆ ಪಕ್ಷಾಂತರ ನಿಷೇಧದ ಪ್ರಶ್ನೆಯೂ ಸೇರಿಕೊಂಡಿದೆ. 1985ರಲ್ಲಿ ಸಂವಿಧಾನದ 52ನೆಯ ತಿದ್ದುಪಡಿಯ ಮೂಲಕ ಹತ್ತನೆಯ ಅನುಸೂಚಿ ಸೇರ್ಪಡೆಯಾಯಿತು. ಪಕ್ಷದ ನಿರ್ದೇಶನಕ್ಕೆ ವಿರುದ್ಧವಾಗಿ ಮತ ನೀಡಿದ ಅಥವಾ ಮತ ನೀಡದೆ ಉಳಿದ ಸದಸ್ಯನನ್ನು ಪಕ್ಷವು ಹದಿನೈದು ದಿನಗಳೊಳಗೆ ಮನ್ನಿಸದಿದ್ದರೆ ಅವನು ಸದಸ್ಯತ್ವಕ್ಕೆ ಅನರ್ಹನಾಗುತ್ತಾನೆ. ಹೀಗಾಗಿ 1985ರ ಅನಂತರದ ಮತವು ಸದಸ್ಯನ ಸ್ವಂತ ಅಭಿಪ್ರಾಯಕ್ಕಿಂತ ಹೆಚ್ಚಾಗಿ ಪಕ್ಷದ ಆಜ್ಞೆಯನ್ನು ತೋರಿಸುತ್ತದೆ. ‘ಮತ’ ಶಬ್ದದ ಎರಡು ಅರ್ಥಗಳು, ಅಂದರೆ ಅಭಿಪ್ರಾಯ ಮತ್ತು ಓಟು, ಪರಸ್ಪರ ದೂರ ಸರಿದದ್ದು ಇಲ್ಲಿಯೇ.

ದಿ. ಬಾ. ಪಾಟೀಲರು ರಾಜ್ಯದ ಸದನದಲ್ಲಿ ಪನವೇಲವನ್ನು ಪ್ರತಿನಿಧಿಸಿದ ಕಾಲ ಇದಕ್ಕಿಂತ ಹಿಂದಿನದು. ಆದರೂ ಮತಗಳ ಎಣಿಕೆಯಿಂದ ಅವರನ್ನು ಅಳೆಯಲಾಗದು. ಅವರು ಸೇರಿದ್ದ ಶೇತಕರಿ ಕಾಮಗಾರ ಪಕ್ಷ ಸದನದಲ್ಲಿ ಸದಾ ಅಲ್ಪಸಂಖ್ಯೆಯದು. ಎಣಿಕೆ ನಡೆದರೆ ಸೋಲು ನಿಶ್ಚಿತ. ಸೋಲುವುದು ತಿಳಿದಿದ್ದೂ ನಿಲುವನ್ನು ದಾಖಲಿಸುವವನ ಕಾರ್ಯವನ್ನು ಅಳೆಯಲು ಬೇರೆ ಆಧಾರಗಳು ಬೇಕು. ಚುಕ್ಕೆ ಗುರುತಿನ ಪ್ರಶ್ನೆಗಳು, ನಿಲುವಳಿ ಸೂಚನೆಗಳು, ಗಮನ ಸೆಳೆಯುವ ಸೂಚನೆಗಳು, ಆಯವ್ಯಯದ ಬೇಡಿಕೆಗಳ ಮೇಲಿನ ಭಾಷಣಗಳು ಇಂಥ ಆಧಾರಗಳು. ಇವೆಲ್ಲಕ್ಕೂ ಮಿಗಿಲಾಗಿ, ಸದನದೊಳಗೆ ಆಡಿದ ಮಾತಿಗೂ ಹೊರಗಿನ ನಡೆಗೂ ಇರುವ ಹೊಂದಿಕೆಯನ್ನು ಪರಿಶೀಲಿಸಬೇಕಾಗುತ್ತದೆ.

3. ಪರಂಪರೆ ಮತ್ತು ಪ್ರಾತಿನಿಧ್ಯ

ಪಾಟೀಲರ ನಿಲುವುಗಳು ಒಬ್ಬ ವ್ಯಕ್ತಿಯ ಚಿಂತನೆಯಿಂದ ಮಾತ್ರ ಹುಟ್ಟಿದವಲ್ಲ. ಕೊಂಕಣದಲ್ಲಿ ಖೋತಿ ಪದ್ಧತಿಯಿತ್ತು. ಸರ್ಕಾರಕ್ಕೂ ರೈತನಿಗೂ ನಡುವೆ ಖೋತನೆಂಬ ಮಧ್ಯವರ್ತಿ ನಿಂತು ಕಂದಾಯ ವಸೂಲು ಮಾಡುತ್ತಿದ್ದನು. ಇದರ ವಿರುದ್ಧ ಅಲಿಬಾಗ ತಾಲೂಕಿನ ಚರಿ ಎಂಬಲ್ಲಿ ನಾರಾಯಣ ನಾಗೂ ಪಾಟೀಲರ ನಾಯಕತ್ವದಲ್ಲಿ 1933ರಿಂದ 1939ರವರೆಗೆ ರೈತರು ಉಳುಮೆಯನ್ನೇ ನಿಲ್ಲಿಸಿ ಮುಷ್ಕರ ಹೂಡಿದರು. ಮುಂಬಯಿ ಸರ್ಕಾರ 1949ರಲ್ಲಿ ಖೋತಿ ರದ್ದತಿ ಕಾಯಿದೆಯನ್ನು ತಂದಿತು. ಈ ಜಿಲ್ಲೆಯಲ್ಲಿ ಶೇತಕರಿ ಕಾಮಗಾರ ಪಕ್ಷ ಬೇರೂರಿದ್ದು ಇಂಥ ನೆಲದಲ್ಲಿ.

ಉರಣ ತಾಲೂಕಿನ ಜಾಸಯಿಯಲ್ಲಿ ಜನಿಸಿದ ಪಾಟೀಲರು 1957ರಲ್ಲಿ ಮೊದಲ ಬಾರಿಗೆ ವಿಧಾನಸಭೆಗೆ ಆಯ್ಕೆಯಾದರು. ಅದು ದ್ವಿಭಾಷಾ ಮುಂಬಯಿ ರಾಜ್ಯದ ಕಾಲ. ಧಾರವಾಡ, ಬಿಜಾಪುರ, ಉತ್ತರ ಕನ್ನಡ ಹಾಗೂ ಬೆಳಗಾವಿಯ ಬಹುಭಾಗ ಅದರ ಹಿಂದಿನ ವರ್ಷವಷ್ಟೇ ಆ ರಾಜ್ಯದಿಂದ ಬೇರ್ಪಟ್ಟು ಮೈಸೂರಿಗೆ ಸೇರಿದ್ದವು. 1960ರಲ್ಲಿ ಮಹಾರಾಷ್ಟ್ರ ರಚನೆಯಾದ ಮೇಲೆಯೂ ಪಾಟೀಲರು ಪನವೇಲದಿಂದ ಮರಳಿ ಮರಳಿ ಆಯ್ಕೆಯಾದರು. 1972ರ ಚುನಾವಣೆಯ ಅನಂತರ ವಿರೋಧ ಪಕ್ಷದ ನಾಯಕರಾದರು. ಎಂಬತ್ತರ ದಶಕದ ಆರಂಭದಲ್ಲಿ ಆ ಸ್ಥಾನ ಮತ್ತೊಮ್ಮೆ ಅವರಿಗೆ ಬಂತು. 1977ರಲ್ಲಿಯೂ 1984ರಲ್ಲಿಯೂ ಕುಲಾಬಾದಿಂದ ಲೋಕಸಭೆಗೆ ಆಯ್ಕೆಯಾದರು.

4. ಸಿಡ್ಕೊ ಮತ್ತು ಶೇಕಡಾ ಹನ್ನೆರಡೂವರೆ

ಮುಂಬಯಿಯ ಜನದಟ್ಟಣೆಯನ್ನು ತಗ್ಗಿಸಲು ಖಾಡಿಯ ಆಚೆಗೆ ಹೊಸ ನಗರವನ್ನು ಕಟ್ಟುವ ಯೋಜನೆಗಾಗಿ 1970ರ ಮಾರ್ಚಿಯಲ್ಲಿ ಸಿಡ್ಕೊ ಸ್ಥಾಪನೆಯಾಯಿತು. ಠಾಣೆ, ಪನವೇಲ, ಉರಣ ತಾಲೂಕುಗಳ 95 ಹಳ್ಳಿಗಳು ಯೋಜನೆಯ ವ್ಯಾಪ್ತಿಗೆ ಬಂದವು. ಒಟ್ಟು ವಿಸ್ತೀರ್ಣ 344 ಚದರ ಕಿಲೋಮೀಟರು. ಇದರ ಬಹುಭಾಗ ಖಾಸಗಿ ಭೂಮಿ, ಉಪ್ಪಿನ ಆಗರ ಮತ್ತು ಸರ್ಕಾರಿ ಭೂಮಿ. ಭೂಸ್ವಾಧೀನದ ತರ್ಕ ಸರಳವಾಗಿತ್ತು: ಕೃಷಿಭೂಮಿಯ ಬೆಲೆಗೆ ನೆಲವನ್ನು ಪಡೆಯುವುದು, ಅದನ್ನು ಅಭಿವೃದ್ಧಿಪಡಿಸಿ ನಗರಭೂಮಿಯ ಬೆಲೆಗೆ ಮಾರುವುದು, ಬಂದ ಹಣದಿಂದ ರಸ್ತೆ, ನೀರು, ರೈಲುಮಾರ್ಗಗಳನ್ನು ನಿರ್ಮಿಸುವುದು.

ಪಾಟೀಲರ ನಿಲುವನ್ನು ಸರಿಯಾಗಿ ಗ್ರಹಿಸಬೇಕಾದದ್ದು ಈ ಹಂತದಲ್ಲಿ. ಕೃಷಿಭೂಮಿಯ ಬೆಲೆಗೂ ನಗರಭೂಮಿಯ ಬೆಲೆಗೂ ನಡುವಣ ಅಂತರ ಯಾರಿಗೆ ಸೇರಬೇಕು ಎಂಬುದು ಚಳವಳಿಯ ತಿರುಳಾಗಿತ್ತು. ಪರಿಹಾರದ ಹಣ ಒಮ್ಮೆ ಕೈಸೇರಿ ಕರಗುತ್ತದೆ. ನೆಲವಾದರೆ ನಗರದೊಂದಿಗೆ ಬೆಳೆಯುತ್ತದೆ. ಆದ್ದರಿಂದ ಅಭಿವೃದ್ಧಿಗೊಂಡ ಭೂಮಿಯಲ್ಲಿ ಒಂದು ಪಾಲು ಮೂಲ ಹಿಡುವಳಿದಾರನಿಗೆ ಮರಳಬೇಕೆಂಬ ಬೇಡಿಕೆ ರೂಪುಗೊಂಡಿತು.

1984ರ ಜನವರಿ 16 ಮತ್ತು 17ರಂದು ಪಾಟೀಲರ ನಾಯಕತ್ವದ ಚಳವಳಿ ಉರಣ ಭಾಗದಲ್ಲಿ ತೀವ್ರರೂಪ ತಾಳಿತು. ಪೊಲೀಸರ ಗೋಲೀಬಾರಿನಲ್ಲಿ ಐವರು ಪ್ರಾಣ ತೆತ್ತರು. ಜಾಸಯಿಯಲ್ಲಿ ಆ ಹುತಾತ್ಮರ ಸ್ಮರಣೆ ಪ್ರತಿವರ್ಷವೂ ನಡೆದುಬಂದಿದೆ. ಅದೇ ವರ್ಷದ ಡಿಸೆಂಬರಿನಲ್ಲಿ ಲೋಕಸಭಾ ಚುನಾವಣೆ ನಡೆಯಿತು. ದೇಶದಲ್ಲಿ ಕಾಂಗ್ರೆಸ್ ಪಕ್ಷ 400ಕ್ಕೂ ಹೆಚ್ಚು ಸ್ಥಾನಗಳನ್ನು ಗೆದ್ದ ಆ ಚುನಾವಣೆಯಲ್ಲಿ ಕುಲಾಬಾದ ಮತದಾರರು ಪಾಟೀಲರನ್ನು ಆರಿಸಿದರು. ಸದನದ ಮತಗಳಿಗಿಂತ ಈ ಮತವೇ ಅವರ ಕಾರ್ಯದ ಮೇಲೆ ಬರೆದ ಸ್ಪಷ್ಟವಾದ ಟೀಕೆಯೆನ್ನಬಹುದು.

ಬೇಡಿಕೆ ಸರ್ಕಾರದ ಆದೇಶವಾಗಲು ಮತ್ತೆ ಕೆಲವು ವರ್ಷಗಳು ಹಿಡಿದವು. 1990ರ ಹಾಗೂ 1994ರ ಆದೇಶಗಳ ಮೂಲಕ, ಸ್ವಾಧೀನವಾದ ಭೂಮಿಯ ಶೇಕಡಾ 12.5ರಷ್ಟನ್ನು ಅಭಿವೃದ್ಧಿಪಡಿಸಿದ ನಿವೇಶನವಾಗಿ ಹಿಂದಿರುಗಿಸುವ ಯೋಜನೆ ಜಾರಿಗೆ ಬಂತು. ಲೆಕ್ಕವನ್ನು ಹೀಗೆ ತಿಳಿಯಬಹುದು. ಒಬ್ಬ ರೈತನ ಒಂದು ಹೆಕ್ಟೇರು, ಅಂದರೆ 10,000 ಚದರ ಮೀಟರು ಸ್ವಾಧೀನವಾದರೆ ಅವನ ಪಾಲು 1,250 ಚದರ ಮೀಟರು. ಅದರಲ್ಲಿ ಶೇಕಡಾ ಮೂವತ್ತು, ಅಂದರೆ 375 ಚದರ ಮೀಟರು, ಸಾಮಾಜಿಕ ಸೌಕರ್ಯಗಳಿಗಾಗಿ ಕಳೆಯಲ್ಪಟ್ಟು 875 ಚದರ ಮೀಟರು ಕೈಗೆ ಬರುತ್ತದೆ. ಮರಾಠಿಯ ಆಡುಮಾತಿನಲ್ಲಿ ‘ಸಾಡೇಬಾರಾ ಟಕ್ಕೆ’ ಎಂಬುದು ಇಂದು ಒಂದು ನಾಮಪದವೇ ಆಗಿಬಿಟ್ಟಿದೆ.

5. ಕಾಗೋಡಿನೊಂದಿಗೆ ತೌಲನಿಕ ನೋಟ

ಕನ್ನಡ ವಿದ್ಯಾರ್ಥಿಗೆ ಈ ಸಂದರ್ಭದಲ್ಲಿ ಶಾಂತವೇರಿ ಗೋಪಾಲಗೌಡರ (1923–1972) ನೆನಪು ಸಹಜ. ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ಗೇಣಿದಾರರ ಸತ್ಯಾಗ್ರಹದಲ್ಲಿ ಎಚ್. ಗಣಪತಿಯಪ್ಪನವರ ರೈತ ಸಂಘದೊಂದಿಗೆ ಸಮಾಜವಾದಿಗಳು ಕೈಜೋಡಿಸಿದರು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಗೇಣಿ ಅಳೆಯುವ ಕೊಳಗದ ಗಾತ್ರವೂ ಆ ಹೋರಾಟದ ವಿಷಯವಾಗಿತ್ತು. 1952ರಲ್ಲಿ ಗೋಪಾಲಗೌಡರು ಶಾಸಕರಾದರು. 1957ರಲ್ಲಿ ಸೋತು, 1962 ಮತ್ತು 1967ರಲ್ಲಿ ಮತ್ತೆ ಗೆದ್ದರು. ಉಳುವವನಿಗೆ ಭೂಮಿಯ ಒಡೆತನವನ್ನು ನೀಡಿದ ಭೂಸುಧಾರಣಾ ತಿದ್ದುಪಡಿ 1974ರಲ್ಲಿ ಜಾರಿಯಾಗುವ ವೇಳೆಗೆ ಅವರು ನಿಧನರಾಗಿ ಎರಡು ವರ್ಷ ಸಮೀಪಿಸಿತ್ತು. ಅನಂತಮೂರ್ತಿಯವರ ‘ಅವಸ್ಥೆ’ ಕಾದಂಬರಿಯ ಕೃಷ್ಣಪ್ಪನಲ್ಲಿ ಅವರ ಛಾಯೆಯಿರುವುದನ್ನು ವಿಮರ್ಶಕರು ಗುರುತಿಸಿದ್ದಾರೆ.

ಇಬ್ಬರಲ್ಲಿಯೂ ಸಾಮ್ಯವಿದೆ. ಇಬ್ಬರೂ ಸಂಖ್ಯಾಬಲವಿಲ್ಲದ ಪಕ್ಷದವರು. ಇಬ್ಬರ ನಿಲುವೂ ಸದನದ ಎಣಿಕೆಯಿಂದ ಗೆಲ್ಲಲಿಲ್ಲ, ಜನರ ಹೋರಾಟದಿಂದ ತಡವಾಗಿ ಗೆದ್ದಿತು. ಆದರೆ ಅಂತರವೂ ಮುಖ್ಯವಾದುದು. ಕಾಗೋಡಿನ ರೈತ ನೆಲದಲ್ಲಿ ದುಡಿದರೂ ಒಡೆಯನಲ್ಲದವನು. ಅವನ ಹೋರಾಟ ಒಡೆತನವನ್ನು ಪಡೆಯಲು ನಡೆದುದು. ಪನವೇಲದ ರೈತ ಒಡೆತನವನ್ನು ಕಳೆದುಕೊಂಡವನು. ಅವನ ಹೋರಾಟ ಕಳೆದುದರಲ್ಲಿ ಒಂದು ಪಾಲನ್ನು ಉಳಿಸಿಕೊಳ್ಳಲು ನಡೆದುದು. ಮೊದಲನೆಯದು ಕೃಷಿಯ ಬದುಕನ್ನು ಗಟ್ಟಿಗೊಳಿಸಿತು. ಎರಡನೆಯದು ಕೃಷಿ ಕೊನೆಗೊಳ್ಳುವುದನ್ನು ಒಪ್ಪಿಕೊಂಡೇ ಹೊರಟಿತು. ಶೇಕಡಾವಾರು ಲೆಕ್ಕ ಭೂಮಿಯ ವಿಸ್ತೀರ್ಣವನ್ನು ಆಧರಿಸಿದುದರಿಂದ, ಭೂಮಿಯಿಲ್ಲದೆ ಪರರ ಗದ್ದೆಯಲ್ಲಿ ದುಡಿದವನು ಆ ಲೆಕ್ಕದ ಹೊರಗೇ ಉಳಿದನು. ಕಾಗೋಡಿನ ನಡುಬಿಂದುವಾಗಿದ್ದವನು ಇಲ್ಲಿ ಅಂಚಿಗೆ ಸರಿದನೆಂಬುದನ್ನು ಮರೆಯುವಂತಿಲ್ಲ. ಹಿಂದಿರುಗಿ ಬಂದ ನಿವೇಶನಗಳಲ್ಲಿ ಎಷ್ಟೋ ಕಟ್ಟಡ ನಿರ್ಮಾಪಕರ ಕೈಸೇರಿದುದೂ ಈ ಯೋಜನೆಯ ಚರಿತ್ರೆಯ ಭಾಗವೇ ಆಗಿದೆ. ಶಾಸಕನನ್ನು ಗೌರವಿಸುವ ಅಧ್ಯಯನವು ಅವನ ಸಾಧನೆಯ ಮಿತಿಯನ್ನೂ ಹೇಳಬೇಕಾಗುತ್ತದೆ.

6. ಉಪಸಂಹಾರ

ಪಾಟೀಲರು 2013ರ ಜೂನ್ 24ರಂದು ನಿಧನರಾದರು. 2021ರ ಜೂನ್ ತಿಂಗಳಲ್ಲಿ ನವಿಮುಂಬಯಿ ವಿಮಾನನಿಲ್ದಾಣಕ್ಕೆ ಅವರ ಹೆಸರಿಡಬೇಕೆಂದು ಭೂಮಿ ಕಳೆದುಕೊಂಡ ಹಳ್ಳಿಗಳ ಜನ ಮಾನವ ಸರಪಳಿ ರಚಿಸಿದರು, ಸಿಡ್ಕೊ ಕಚೇರಿಯತ್ತ ನಡೆದರು. 2022ರ ಆಗಸ್ಟಿನಲ್ಲಿ ಮಹಾರಾಷ್ಟ್ರ ವಿಧಾನಸಭೆ ಆ ಹೆಸರನ್ನು ಶಿಫಾರಸು ಮಾಡುವ ನಿರ್ಣಯವನ್ನು ಅಂಗೀಕರಿಸಿತು. ವಿಮಾನನಿಲ್ದಾಣದ ಉದ್ಘಾಟನೆ 2025ರ ಅಕ್ಟೋಬರ್ 8ರಂದು ನೆರವೇರಿತು. ಯಾವ ಸದನದಲ್ಲಿ ಅವರ ಪಕ್ಷ ಸದಾ ಅಲ್ಪಮತದಲ್ಲಿತ್ತೋ ಆ ಸದನವೇ ಅವರ ಹೆಸರಿಗೆ ಬಹುಮತವನ್ನಿತ್ತಿತು.

ಈ ಅಧ್ಯಯನದಿಂದ ಹೊರಡುವ ಸೂತ್ರ ಸರಳವಾದುದು. ಮತದ ಪಟ್ಟಿ ದೊರೆಯದೆಡೆ, ಅಥವಾ ದೊರೆತರೂ ಪಕ್ಷದ ಆಜ್ಞೆಯನ್ನಷ್ಟೇ ಹೇಳುವೆಡೆ, ಶಾಸಕನ ಮಾತು ಸದನದಲ್ಲಿಯೂ ಕ್ಷೇತ್ರದಲ್ಲಿಯೂ ಒಂದೇ ಆಗಿತ್ತೇ ಎಂದು ಕೇಳಬೇಕು. ಆ ಮಾತಿಗಾಗಿ ಯಾರು ಏನನ್ನು ತೆತ್ತರು ಎಂದು ಕೇಳಬೇಕು. ಅದು ಆದೇಶವಾದಾಗ ಯಾರು ಒಳಗೆ ಬಂದರು, ಯಾರು ಹೊರಗುಳಿದರು ಎಂದೂ ಕೇಳಬೇಕು. 2016ರ ಅಕ್ಟೋಬರಿನಲ್ಲಿ ಪನವೇಲ ಮಹಾನಗರಪಾಲಿಕೆ ರಚನೆಯಾಗಿ ಖಾರಘರ ಅದರಲ್ಲಿ ಸೇರಿದೆ. ನೀರು, ತೆರಿಗೆ, ರಸ್ತೆಗಳ ವಿಷಯದಲ್ಲಿ ತನ್ನ ಪ್ರತಿನಿಧಿಯನ್ನು ಪ್ರಶ್ನಿಸುವ ಹಕ್ಕು ಅಲ್ಲಿಯ ಕನ್ನಡಿಗ ಮತದಾರನಿಗೂ ಇದೆ. ತಾನು ನಿಂತ ನೆಲದ ಹಿಂದೆ ಉರಣ ಭಾಗದ ಆ ಐವರು ಇದ್ದಾರೆಂಬ ಅರಿವಿನಿಂದ ಆ ಪ್ರಶ್ನೆಗಳು ಹೊರಟರೆ, ಅವು ತನ್ನ ಸೆಕ್ಟರಿನ ಸೌಕರ್ಯಕ್ಕಷ್ಟೇ ನಿಲ್ಲದೆ ಅದರ ಪಕ್ಕದ ಓವೆ, ಮುರ್ಬಿಗಳ ಬದುಕನ್ನೂ ಒಳಗೊಳ್ಳುತ್ತವೆ.